ಮಗುವಿನ ತಲೆಗೆ ಪೆಟ್ಟು: ಬುಗುಟೆಯನ್ನು ನೋಡಬೇಕೆ, ಮಗುವನ್ನು ನೋಡಬೇಕೆ?

ಅಜ್ಜಂಪುರದಿಂದ ಏಳೆಂಟು ಕಿಲೋಮೀಟರ್ ದೂರದ ಒಂದು ಹಳ್ಳಿಯ ಮನೆಯನ್ನು ಕಲ್ಪಿಸಿಕೊಳ್ಳಿ. ಸಂಜೆ ಆರೂವರೆ ಗಂಟೆ. ಹಬ್ಬಕ್ಕೆಂದು ತವರಿಗೆ ಬಂದ ಮಗಳು ಎಂಟು ತಿಂಗಳ ಕೂಸನ್ನು ಮಂಚದ ಮೇಲೆ ಮಲಗಿಸಿ, ಒಲೆಯ ಮೇಲಿನ ಹಾಲು ಉಕ್ಕೀತೆಂದು ಒಳಗೆ ಓಡಿದ್ದಾಳೆ. ಅಷ್ಟರಲ್ಲಿ ಧಪ್ಪೆಂಬ ಸದ್ದು, ಹಿಂದೆಯೇ ಜೋರಾದ ಅಳು. ಮಗು ಮಗುಚಿಕೊಂಡು ಸಿಮೆಂಟು ನೆಲಕ್ಕೆ ಬಿದ್ದಿದೆ. ಎತ್ತಿಕೊಂಡು ನೋಡಿದರೆ ಹಣೆಯ ಮೇಲೆ ನೋಡನೋಡುತ್ತಿದ್ದಂತೆ ಬುಗುಟೆ ಏಳುತ್ತಿದೆ.

"ಏನಾಗಲ್ಲ ಸುಮ್ನಿರೇ, ಬಿದ್ದು ಎದ್ದೇ ಮಕ್ಕಳು ಬೆಳೆಯೋದು. ನೀನೇನು ಕಡಿಮೆ ಬಿದ್ದಿದ್ದೀಯಾ?" ಎನ್ನುತ್ತಾಳೆ ಅಜ್ಜಿ. "ತಲೆಗೆ ಪೆಟ್ಟು ಬಿದ್ದಿದೆ ಅಮ್ಮ, ಈಗಲೇ ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿಬಿಡೋಣ" ಎಂದು ಮಗಳ ಹಟ. ಸದ್ದು ಕೇಳಿ ಬಂದ ಪಕ್ಕದ ಮನೆಯಾಕೆ, "ಏನಾದರೂ ಮಾಡಿ, ಮಗು ನಿದ್ದೆ ಮಾಡದ ಹಾಗೆ ನೋಡ್ಕೊಳ್ಳಿ" ಎನ್ನುತ್ತಾಳೆ.

ಮೂವರ ಮಾತಿನಲ್ಲೂ ಒಂದಿಷ್ಟು ಸತ್ಯವಿದೆ. ಆದರೆ ಯಾರೊಬ್ಬರ ಮಾತೂ ಪೂರ್ತಿ ಸರಿಯಲ್ಲ. ಹೀಗೆ ಬೀಳುವ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಕೆಲವೇ ಮಕ್ಕಳಿಗೆ ತಲೆಬುರುಡೆಯ ಒಳಗೆ ರಕ್ತ ಸೋರಿ ಪ್ರಾಣಕ್ಕೇ ಅಪಾಯ ಒದಗಬಹುದು. ಆ ಕೆಲವರು ಯಾರೆಂಬುದನ್ನು ಬುಗುಟೆಯ ಗಾತ್ರವೊಂದನ್ನೇ ನೋಡಿ ಹೇಳಲು ಬರುವುದಿಲ್ಲ. ಹಾಗಾದರೆ ಏನನ್ನು ನೋಡಬೇಕು? ವೈದ್ಯರ ಸಲಹೆ ಯಾವಾಗ ಬೇಕು? ದೊಡ್ಡಾಸ್ಪತ್ರೆ ದೂರವಿರುವ ಊರುಗಳಲ್ಲಿ ಈ ಪ್ರಶ್ನೆಗಳಿಗೆ ಹೇಗೆ ಉತ್ತರ ಕಂಡುಕೊಳ್ಳಬೇಕು? ಇವನ್ನು ವಿಚಾರ ಮಾಡೋಣ.

ತಲೆಯೇ ಏಕೆ ಮೊದಲು ನೆಲ ಮುಟ್ಟುತ್ತದೆ?

ವಯಸ್ಕರ ದೇಹದ ಉದ್ದದಲ್ಲಿ ತಲೆಯ ಪಾಲು ಸುಮಾರು ಎಂಟನೆಯ ಒಂದು ಭಾಗ. ಹುಟ್ಟಿದ ಮಗುವಿನಲ್ಲಿ ಅದು ನಾಲ್ಕನೆಯ ಒಂದು ಭಾಗ. ಹೀಗಾಗಿ ಮಗುವಿನ ಗುರುತ್ವಕೇಂದ್ರ ದೇಹದ ಮೇಲ್ಭಾಗದಲ್ಲಿ ಇರುತ್ತದೆ. ಕತ್ತಿನ ಸ್ನಾಯುಗಳಿಗೆ ಇನ್ನೂ ಬಲ ಬಂದಿರುವುದಿಲ್ಲ. ಬೀಳುವಾಗ ಕೈಯೂರಿ ತಲೆಯನ್ನು ಕಾಪಾಡಿಕೊಳ್ಳುವ ಪ್ರತಿವರ್ತನೆಯೂ ಪೂರ್ತಿ ಬೆಳೆದಿರುವುದಿಲ್ಲ. ಆದ್ದರಿಂದ ಮಗು ಎಲ್ಲಿಂದ ಬಿದ್ದರೂ ಪೆಟ್ಟು ತಲೆಗೆ ತಗಲುವುದೇ ಹೆಚ್ಚು.

ಮಗುವಿನ ತಲೆಬುರುಡೆ ಒಂದೇ ಗಟ್ಟಿ ಚಿಪ್ಪಲ್ಲ. ತೆಳುವಾದ, ಸ್ವಲ್ಪ ಬಾಗಬಲ್ಲ ಮೂಳೆಯ ಹಲಗೆಗಳು ನಾರಿನ ಅಂಗಾಂಶದಿಂದ ಜೋಡಣೆಗೊಂಡಿರುತ್ತವೆ. ಹಲಗೆಗಳು ಕೂಡುವ ಮೂಲೆಗಳಲ್ಲಿ ಮೂಳೆಯಿಲ್ಲದ ಮೆತ್ತನೆಯ ಜಾಗಗಳಿವೆ. ತಲೆಯ ಮುಂಭಾಗದ ಇಂಥ ಜಾಗವನ್ನೇ ನಾವು ನೆತ್ತಿ ಎನ್ನುತ್ತೇವೆ. "ಮಗುವಿಗೆ ಇನ್ನೂ ನೆತ್ತಿ ಕೂಡಿಲ್ಲ" ಎಂಬ ಮಾತನ್ನು ನೀವು ಕೇಳಿರಬಹುದು. ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ಅದು ಕೂಡಿಕೊಳ್ಳುತ್ತದೆ. ಮೊದಲ ವರ್ಷದಲ್ಲಿ ಮಿದುಳು ಬಹಳ ವೇಗವಾಗಿ ಬೆಳೆಯುವುದರಿಂದ ಈ ಏರ್ಪಾಡು ಬೇಕೇ ಬೇಕು. ಹುಟ್ಟುವಾಗ ಸುಮಾರು 34-35 ಸೆಂಟಿಮೀಟರ್ ಇದ್ದ ತಲೆಯ ಸುತ್ತಳತೆ ವರ್ಷ ತುಂಬುವಾಗ 45-46 ಸೆಂಟಿಮೀಟರಿಗೆ ಏರುತ್ತದೆ.

ನೆತ್ತಿ ನಮಗೊಂದು ಸೂಚಕವೂ ಹೌದು. ಮಗು ಅಳುವಾಗ ಅದು ಉಬ್ಬುವುದು ಸಹಜ. ಆದರೆ ಮಗುವನ್ನು ನೇರವಾಗಿ ಎತ್ತಿಕೊಂಡಿರುವಾಗ, ಅಳು ನಿಂತು ಸಮಾಧಾನವಾಗಿರುವಾಗಲೂ ನೆತ್ತಿ ಬಿಗಿದು ಉಬ್ಬಿಕೊಂಡೇ ಇದ್ದರೆ, ತಲೆಯೊಳಗಿನ ಒತ್ತಡ ಏರಿದೆಯೆಂಬ ಶಂಕೆಗೆ ಅದು ಕಾರಣವಾಗುತ್ತದೆ.

ಎತ್ತರ ಮತ್ತು ನೆಲ

"ಎಷ್ಟು ಎತ್ತರದಿಂದ ಬಿತ್ತು? ಯಾವುದರ ಮೇಲೆ ಬಿತ್ತು?" ವೈದ್ಯರು ಮೊದಲು ಕೇಳುವ ಪ್ರಶ್ನೆಗಳಿವು. ಇವುಗಳ ಹಿಂದೆ ಪ್ರೌಢಶಾಲೆಯ ಭೌತವಿಜ್ಞಾನವಿದೆ.

ಎತ್ತರ 'h' ಎಂಬುದನ್ನು ನಾವು 'ಎ' ಎನ್ನೋಣ. ಗುರುತ್ವ ವೇಗೋತ್ಕರ್ಷವನ್ನು 'ಗು' ಎನ್ನೋಣ. ಬೀಳುವ ವಸ್ತುವಿನ ಅಂತಿಮ ವೇಗದ ವರ್ಗ = 2 × ಗು × ಎ. 'ಗು'ವಿನ ಬೆಲೆ ಸೆಕೆಂಡಿನ ವರ್ಗಕ್ಕೆ 9.8 ಮೀಟರ್ ಎಂದು ತೆಗೆದುಕೊಂಡರೆ ಸಿಗುವ ಉತ್ತರಗಳು ಹೀಗಿವೆ:

ಅರ್ಧ ಮೀಟರ್ ಎತ್ತರದ ಮಂಚದಿಂದ ಬಿದ್ದರೆ: ಸೆಕೆಂಡಿಗೆ 3.1 ಮೀಟರ್, ಅಂದರೆ ಗಂಟೆಗೆ ಸುಮಾರು 11 ಕಿ.ಮೀ.
0.9 ಮೀಟರ್ (3 ಅಡಿ) ಎತ್ತರದ ಜಗುಲಿಯಿಂದ ಬಿದ್ದರೆ: ಸೆಕೆಂಡಿಗೆ 4.2 ಮೀಟರ್, ಅಂದರೆ ಗಂಟೆಗೆ ಸುಮಾರು 15 ಕಿ.ಮೀ.
3 ಮೀಟರ್ ಎತ್ತರದ ತಾರಸಿಯಿಂದ ಬಿದ್ದರೆ: ಸೆಕೆಂಡಿಗೆ 7.7 ಮೀಟರ್, ಅಂದರೆ ಗಂಟೆಗೆ ಸುಮಾರು 28 ಕಿ.ಮೀ.

ವೇಗವೊಂದೇ ಪೆಟ್ಟನ್ನು ನಿರ್ಧರಿಸುವುದಿಲ್ಲ. ಆ ವೇಗ ಎಷ್ಟು ದೂರದಲ್ಲಿ ಶೂನ್ಯಕ್ಕೆ ಇಳಿಯಿತು ಎಂಬುದೂ ಅಷ್ಟೇ ಮುಖ್ಯ. ಅರ್ಧ ಮೀಟರಿನಿಂದ ಬಿದ್ದ ತಲೆ ಸಿಮೆಂಟು ನೆಲದ ಮೇಲೆ 5 ಮಿಲಿಮೀಟರಿನಲ್ಲಿ ನಿಂತಿತೆಂದು ಇಟ್ಟುಕೊಂಡರೆ, ಸರಾಸರಿ ಋಣ ವೇಗೋತ್ಕರ್ಷ ಗುರುತ್ವದ 100 ಪಟ್ಟು. ಮಡಚಿದ ಕಂಬಳಿಯ ಮೇಲೆ ಬಿದ್ದು 25 ಮಿಲಿಮೀಟರಿನಲ್ಲಿ ನಿಂತರೆ ಅದು 20 ಪಟ್ಟು ಮಾತ್ರ. ಎತ್ತರ ಒಂದೇ ಆದರೂ ಪೆಟ್ಟು ಐದನೆಯ ಒಂದು ಭಾಗಕ್ಕೆ ಇಳಿಯಿತು. ಮಗು ಸಾಮಾನ್ಯವಾಗಿ ಉರುಳಿ ಬೀಳುವುದರಿಂದ, ಭುಜ, ಬೆನ್ನುಗಳೂ ಪೆಟ್ಟಿನಲ್ಲಿ ಪಾಲು ಪಡೆಯುವುದರಿಂದ ಈ ಲೆಕ್ಕ ಅಂದಾಜು ಮಾತ್ರ. ಆದರೂ ಎತ್ತರ, ನೆಲ ಎರಡನ್ನೂ ಏಕೆ ನೆನಪಿಟ್ಟು ಹೇಳಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಂಚದಿಂದ ಬಿದ್ದದ್ದನ್ನು ನಾವು ದೊಡ್ಡದೆಂದು ಭಾವಿಸುತ್ತೇವೆ. ಎತ್ತಿಕೊಂಡವರ ಕೈಯಿಂದ ಜಾರಿದ್ದನ್ನು "ಇಲ್ಲೇ ಕೈಯಿಂದ ಜಾರಿತು ಅಷ್ಟೆ" ಎಂದುಬಿಡುತ್ತೇವೆ. ಅಳೆದು ನೋಡಿದರೆ, ನಿಂತವರು ಸೊಂಟದ ಮೇಲೋ ಹೆಗಲ ಮೇಲೋ ಎತ್ತಿಕೊಂಡ ಮಗುವಿನ ತಲೆ ನೆಲದಿಂದ ಒಂದು ಮೀಟರಿಗಿಂತ ಮೇಲಿರುತ್ತದೆ. ಅದು ಮಂಚದ ಎರಡರಷ್ಟು ಎತ್ತರ.

ಬುಗುಟೆ ಹೊರಗೆ, ಅಪಾಯ ಒಳಗೆ

ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿವೆ. ಅದರ ಕೆಳಗೇ ಗಟ್ಟಿ ಮೂಳೆಯಿರುವುದರಿಂದ, ಪೆಟ್ಟಿಗೆ ಒಡೆದ ಸಣ್ಣ ನಾಳಗಳಿಂದ ಸೋರಿದ ರಕ್ತ ಒಳಗೆ ಹರಡಲಾರದೆ ಹೊರಕ್ಕೆ ಉಬ್ಬುತ್ತದೆ. ಇದೇ ಬುಗುಟೆ. ಹಣೆಯ ಬುಗುಟೆ ನೋಡಲು ಭಯಂಕರವಾಗಿದ್ದರೂ ಅದು ಬುರುಡೆಯ ಹೊರಗಿನ ಮಾತು.

ಚಿಂತೆಗೆ ಕಾರಣವಾಗುವುದು ಬುರುಡೆಯ ಒಳಗಿನ ರಕ್ತಸ್ರಾವ. ಮಿದುಳನ್ನು ಮೂರು ಪೊರೆಗಳು ಸುತ್ತುವರಿದಿವೆ. ಹೊರಗಿನ ಪೊರೆಗೂ ಮೂಳೆಗೂ ನಡುವೆ, ಇಲ್ಲವೆ ಪೊರೆಗಳ ನಡುವೆ ನಾಳ ಹರಿದರೆ ರಕ್ತ ಅಲ್ಲಿ ಸೇರತೊಡಗುತ್ತದೆ. ವಯಸ್ಕರ ಬುರುಡೆ ಮುಚ್ಚಿದ ಪೆಟ್ಟಿಗೆಯಂತೆ. ಒಳಗೆ ರಕ್ತ ಸೇರಿದಷ್ಟೂ ಮಿದುಳಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಮಗುವಿನಲ್ಲಿ ಮೂಳೆಗಳ ನಡುವಿನ ಸಂದುಗಳೂ ನೆತ್ತಿಯೂ ತೆರೆದಿರುವುದರಿಂದ ಪೆಟ್ಟಿಗೆ ಸ್ವಲ್ಪ ಹಿಗ್ಗಬಲ್ಲದು. ಇದು ಒಂದು ಅನುಕೂಲ. ಅಷ್ಟೇ ಮೋಸವೂ ಹೌದು. ಒತ್ತಡದ ಲಕ್ಷಣಗಳು ತಡವಾಗಿ ಕಾಣಿಸಿಕೊಳ್ಳಬಹುದು. ಪುಟ್ಟ ಮಗುವಿನ ದೇಹದಲ್ಲಿರುವ ರಕ್ತದ ಒಟ್ಟು ಪ್ರಮಾಣವೇ ಕಡಿಮೆ. ಆದ್ದರಿಂದ ಮಗು ಬಿಳಿಚಿಕೊಳ್ಳುವುದನ್ನೂ ಒಂದು ಎಚ್ಚರಿಕೆಯೆಂದು ತಿಳಿಯಬೇಕು.

ರಕ್ತ ನಿಧಾನವಾಗಿ ಸೇರುವಾಗ ಮಗು ಮೊದಲು ಚೆನ್ನಾಗಿಯೇ ಇದ್ದು, ಕೆಲವು ಗಂಟೆಗಳ ಬಳಿಕ ಮಂಕಾಗಬಹುದು. "ಬಿದ್ದ ತಕ್ಷಣ ಚೆನ್ನಾಗಿತ್ತು" ಎಂಬುದು ಸಮಾಧಾನದ ಸಂಗತಿಯೇ ಹೊರತು ಕೊನೆಯ ತೀರ್ಪಲ್ಲ. ತಲೆಪೆಟ್ಟಿನಲ್ಲಿ ಗಮನವಿಟ್ಟು ಕಾಯುವುದಕ್ಕೆ ಇಷ್ಟೊಂದು ಬೆಲೆ ಬಂದಿರುವುದು ಈ ಕಾರಣದಿಂದ.

ಮಾತು ಬಾರದ ಮಗುವಿನ ಎಚ್ಚರವನ್ನು ಅಳೆಯುವುದು

ತಲೆಗೆ ಪೆಟ್ಟಾದವರ ಪ್ರಜ್ಞೆಯ ಮಟ್ಟವನ್ನು ಅಂಕಿಗಳಲ್ಲಿ ಹೇಳುವ ಕ್ರಮವನ್ನು 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಪ್ರಕಟಿಸಿದರು. ಇದೇ ಗ್ಲಾಸ್ಗೋ ಕೋಮಾ ಮಾಪಕ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಅಂಗಗಳ ಚಲನೆಗೆ 6, ಒಟ್ಟು 15 ಅಂಕ. ಅತಿ ಕಡಿಮೆ ಎಂದರೆ 3.

ಮಾತೇ ಬಾರದ ಕೂಸಿಗೆ ಮಾತಿನ ಅಂಕ ಕೊಡುವುದು ಹೇಗೆ? ಇದಕ್ಕಾಗಿ ಮಾಪಕವನ್ನು ಮಾರ್ಪಡಿಸಲಾಗಿದೆ. ಮಗು ಎಂದಿನಂತೆ ತೊದಲಿದರೆ, ಕೇಕೆ ಹಾಕಿದರೆ 5. ಕಿರಿಕಿರಿಯಿಂದ ಅಳುತ್ತಿದ್ದರೆ 4. ನೋವಾದಾಗ ಮಾತ್ರ ಅತ್ತರೆ 3. ನೋವಿಗೆ ನರಳಿದರೆ 2. ಯಾವ ದನಿಯೂ ಇಲ್ಲದಿದ್ದರೆ 1. ಇದರಲ್ಲಿ "ಎಂದಿನಂತೆ" ಎಂಬ ಪದಕ್ಕೆ ಬಹಳ ಮಹತ್ವವಿದೆ. ಈ ಮಗು ದಿನವೂ ಹೇಗಿರುತ್ತದೆ ಎಂಬುದು ವೈದ್ಯರಿಗೆ ಗೊತ್ತಿಲ್ಲ. ತಾಯಿಗೆ, ಅಜ್ಜಿಗೆ ಗೊತ್ತು. "ಮಗು ಯಾಕೋ ಎಂದಿನ ಹಾಗಿಲ್ಲ" ಎಂಬ ತಾಯಿಯ ಮಾತು ಒಂದು ವೈದ್ಯಕೀಯ ಲಕ್ಷಣವೇ ಸರಿ.

42,412 ಮಕ್ಕಳಿಂದ ದೊರೆತ ಪಾಠ

ಆ ಮಾತಿಗೆ ಅಂಕಿ-ಅಂಶದ ಬೆಂಬಲ ದೊರೆತದ್ದು 2009ರಲ್ಲಿ. ಉತ್ತರ ಅಮೆರಿಕದ 25 ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ತಲೆಪೆಟ್ಟಾದ 24 ಗಂಟೆಯೊಳಗೆ ಬಂದ 42,412 ಮಕ್ಕಳ ಅಧ್ಯಯನ ಆ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇವರೆಲ್ಲ ಗ್ಲಾಸ್ಗೋ ಮಾಪಕದಲ್ಲಿ 14 ಅಥವಾ 15 ಅಂಕವಿದ್ದವರು. ಅಂದರೆ ಮೇಲ್ನೋಟಕ್ಕೆ ಚೆನ್ನಾಗಿದ್ದವರು. ಇವರಲ್ಲಿ 376 ಮಕ್ಕಳಿಗೆ, ಅಂದರೆ ನೂರಕ್ಕೆ ಒಬ್ಬರಿಗಿಂತ ತುಸು ಕಡಿಮೆ ಮಕ್ಕಳಿಗೆ, ಮಿದುಳಿಗೆ ಗಣನೀಯ ಪೆಟ್ಟಾಗಿತ್ತು. ಮಿದುಳಿನ ಶಸ್ತ್ರಚಿಕಿತ್ಸೆ ಬೇಕಾದದ್ದು 60 ಮಕ್ಕಳಿಗೆ.

ಎರಡು ವರ್ಷದೊಳಗಿನ 10,718 ಮಕ್ಕಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ ಆರು ಪ್ರಶ್ನೆಗಳನ್ನು ಆರಿಸಲಾಯಿತು:

1. ಮಗುವಿನ ಎಚ್ಚರದ ಮಟ್ಟದಲ್ಲಿ ವ್ಯತ್ಯಾಸವಿದೆಯೆ?
2. ಬುರುಡೆಯನ್ನು ಮುಟ್ಟಿ ನೋಡಿದಾಗ ಮೂಳೆ ಮುರಿದಂತೆ ತಿಳಿಯುತ್ತದೆಯೆ?
3. ಹಣೆಯನ್ನು ಬಿಟ್ಟು ಬೇರೆಡೆ, ಅಂದರೆ ತಲೆಯ ಪಕ್ಕದಲ್ಲಿ, ಕಿವಿಯ ಮೇಲ್ಭಾಗದಲ್ಲಿ ಅಥವಾ ಹಿಂದಲೆಯಲ್ಲಿ, ಬುಗುಟೆ ಇದೆಯೆ?
4. 5 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಪ್ರಜ್ಞೆ ತಪ್ಪಿತ್ತೆ?
5. ಪೆಟ್ಟಿನ ರೀತಿ ತೀವ್ರವಾಗಿತ್ತೆ? ಉದಾಹರಣೆಗೆ 0.9 ಮೀಟರಿಗಿಂತ ಎತ್ತರದಿಂದ ಬಿದ್ದದ್ದು, ವಾಹನ ಬಡಿದದ್ದು.
6. ಮಗು ಎಂದಿನಂತಿಲ್ಲವೆಂದು ತಂದೆತಾಯಿ ಹೇಳುತ್ತಿದ್ದಾರೆಯೆ?

ಆರಕ್ಕೂ "ಇಲ್ಲ" ಎಂದಾದರೆ ಗಣನೀಯ ಪೆಟ್ಟಿನ ಸಂಭವ 10,000ಕ್ಕೆ 2ಕ್ಕಿಂತ ಕಡಿಮೆ. ಮೊದಲ ಎರಡರಲ್ಲಿ ಒಂದಕ್ಕೆ "ಹೌದು" ಎಂದಾದರೆ 100ಕ್ಕೆ 4ಕ್ಕಿಂತ ಹೆಚ್ಚು; ಅಂಥ ಮಗುವಿಗೆ ಸ್ಕ್ಯಾನ್ ಬೇಕು. ಉಳಿದ ನಾಲ್ಕರಲ್ಲಿ ಯಾವುದಾದರೂ ಇದ್ದರೆ 1,000ಕ್ಕೆ ಸುಮಾರು 9. ಇಂಥಲ್ಲಿ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಿಸಿಕೊಂಡು ಗಮನಿಸಬೇಕೋ, ಸ್ಕ್ಯಾನ್ ಮಾಡಬೇಕೋ ಎಂದು ವೈದ್ಯರು ನಿರ್ಧರಿಸುತ್ತಾರೆ. ಮೂರು ತಿಂಗಳೊಳಗಿನ ಕೂಸಾದರೆ ಸ್ಕ್ಯಾನ್ ಕಡೆಗೆ ಹೆಚ್ಚು ಒಲವು ತೋರುತ್ತಾರೆ.

ಬುಗುಟೆಯ ಗಾತ್ರಕ್ಕಿಂತ ಅದು ಎದ್ದಿರುವ ಜಾಗಕ್ಕೆ ಇಲ್ಲಿ ಬೆಲೆ ಸಿಕ್ಕಿದೆ ಎಂಬುದನ್ನು ಗಮನಿಸಿ. ಹಾಗೆಯೇ ಒಂದು ಎಚ್ಚರಿಕೆ: ಈ ಪ್ರಶ್ನೆಗಳಿಗೆ ಉತ್ತರ ಬರೆದವರು ಮಗುವನ್ನು ಮುಟ್ಟಿ ನೋಡಿದ ವೈದ್ಯರು. ಇದು ವೈದ್ಯರಿಗೆಂದು ಮಾಡಿದ ಸಾಧನ. ಮನೆಯಲ್ಲಿ ಕುಳಿತು "ಎಲ್ಲಕ್ಕೂ ಇಲ್ಲ" ಎಂದು ಗುರುತು ಹಾಕಿ ಸುಮ್ಮನಾಗುವುದಕ್ಕಲ್ಲ.

ಸ್ಕ್ಯಾನ್ ಮಾಡಿಸಿಬಿಟ್ಟರೆ ಆಯಿತಲ್ಲ?

ಸಿ.ಟಿ. ಸ್ಕ್ಯಾನ್ ಅದ್ಭುತ ಸಾಧನ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯನ್ನು ಅದರಿಂದ ನೋಡಲಾಯಿತು. ಅದನ್ನು ರೂಪಿಸಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಮತ್ತು ಅದರ ಗಣಿತಕ್ಕೆ ಬುನಾದಿ ಹಾಕಿದ ಅಲನ್ ಕಾರ್ಮ್ಯಾಕ್ 1979ರ ನೊಬೆಲ್ ಪ್ರಶಸ್ತಿ ಪಡೆದರು. ಬುರುಡೆಯೊಳಗಿನ ರಕ್ತಸ್ರಾವವನ್ನು ಅದು ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ.

ಆದರೆ ಅದು ಬಳಸುವುದು ಎಕ್ಸ್ ಕಿರಣಗಳನ್ನು. ತಲೆಯ ಒಂದು ಸಿ.ಟಿ. ಸ್ಕ್ಯಾನಿನಿಂದ ದೊರೆಯುವ ವಿಕಿರಣ ಸುಮಾರು 2 ಮಿಲಿಸೀವರ್ಟ್. ನಿಸರ್ಗದಿಂದ ಮನುಷ್ಯನಿಗೆ ಒಂದು ವರ್ಷದಲ್ಲಿ ದೊರೆಯುವ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಬೆಳೆಯುತ್ತಿರುವ ಮಗುವಿನ ಜೀವಕೋಶಗಳು ವೇಗವಾಗಿ ವಿಭಜನೆಗೊಳ್ಳುವುದರಿಂದ ವಿಕಿರಣದ ಪರಿಣಾಮ ಹೆಚ್ಚು. 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರ ಅಂದಾಜಿನಂತೆ, ಹತ್ತು ವರ್ಷದೊಳಗಿನ ಮಕ್ಕಳಿಗೆ ಮಾಡುವ 10,000 ತಲೆ ಸ್ಕ್ಯಾನುಗಳಿಗೆ ಮುಂದಿನ ಹತ್ತು ವರ್ಷಗಳಲ್ಲಿ ಒಂದು ಹೆಚ್ಚುವರಿ ರಕ್ತದ ಕ್ಯಾನ್ಸರ್ ಮತ್ತು ಒಂದು ಹೆಚ್ಚುವರಿ ಮಿದುಳಿನ ಗಡ್ಡೆ ಉಂಟಾಗಬಹುದು. ಅಪಾಯ ಚಿಕ್ಕದು. ಆದರೆ ಆರೂ ಪ್ರಶ್ನೆಗಳಿಗೆ "ಇಲ್ಲ" ಎಂದಾದ ಮಗುವಿನಲ್ಲಿ ಪೆಟ್ಟಿನ ಅಪಾಯವೂ ಅಷ್ಟೇ ಚಿಕ್ಕದು! ಅಂಥ ಮಗುವಿಗೆ ಸ್ಕ್ಯಾನಿನಿಂದ ಲಾಭವಿಲ್ಲ. 100ಕ್ಕೆ 4ರ ಅಪಾಯವಿರುವ ಮಗುವಿಗಾದರೋ ವಿಕಿರಣದ ಮಾತನ್ನು ಬದಿಗಿಟ್ಟು ಕೂಡಲೇ ಸ್ಕ್ಯಾನ್ ಮಾಡಬೇಕು.

ಆದ್ದರಿಂದ ವೈದ್ಯರ ಬಳಿಗೆ ಹೋಗುವುದೆಂದರೆ ಸ್ಕ್ಯಾನಿಗೆ ಹೋಗುವುದೆಂದು ಅರ್ಥವಲ್ಲ. ವೈದ್ಯರು ಮುಟ್ಟಿ ನೋಡಿ, ಪ್ರಶ್ನೆ ಕೇಳಿ, "ಈಗ ಸ್ಕ್ಯಾನ್ ಬೇಡ" ಎಂದರೆ ಅದು ಅಸಡ್ಡೆಯಲ್ಲ, ಅದೂ ಚಿಕಿತ್ಸೆಯ ಒಂದು ಭಾಗ.

ನಮ್ಮ ತಾಲ್ಲೂಕುಗಳಲ್ಲಿ ದೂರದ ಲೆಕ್ಕ

ಆ ಅಧ್ಯಯನ ನಡೆದ ಆಸ್ಪತ್ರೆಗಳಲ್ಲಿ ಸ್ಕ್ಯಾನ್ ಯಂತ್ರ ಪಕ್ಕದ ಕೋಣೆಯಲ್ಲಿತ್ತು. ನಮ್ಮಲ್ಲಿ ಹಾಗಿಲ್ಲ. ಕಡೂರು ಮತ್ತು ತರೀಕೆರೆಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಅಜ್ಜಂಪುರದಲ್ಲಿಯೂ ಸರ್ಕಾರಿ ಆಸ್ಪತ್ರೆಯಿದೆ. ಮಗುವನ್ನು ಪರೀಕ್ಷಿಸಲು, ಕೆಲವು ಗಂಟೆ ಗಮನಿಸಲು ಇವು ಸಾಕು. ಸಿ.ಟಿ. ಸ್ಕ್ಯಾನಿಗೆ ಸಾಮಾನ್ಯವಾಗಿ ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಕಡೂರಿನಿಂದ ಚಿಕ್ಕಮಗಳೂರು ಸುಮಾರು 40 ಕಿ.ಮೀ. ತರೀಕೆರೆಯಿಂದ ಭದ್ರಾವತಿಯ ಮೇಲೆ ಶಿವಮೊಗ್ಗವೂ ಹೆಚ್ಚುಕಡಿಮೆ ಅಷ್ಟೇ ದೂರ. ಮಿದುಳಿನ ಶಸ್ತ್ರಚಿಕಿತ್ಸೆಯೇ ಬೇಕೆಂದಾದರೆ ಕೆಲವೊಮ್ಮೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯವರೆಗೂ ಹೋಗಬೇಕಾದೀತು. ಕಡೂರಿನಿಂದಲೇ ಅದು 200 ಕಿ.ಮೀ.ಗಿಂತ ಹೆಚ್ಚು.

ಹೀಗಾಗಿ "ಮನೆಯಲ್ಲಿ ಗಮನಿಸಿ" ಎಂಬ ಸಲಹೆಯ ಅರ್ಥ ಊರಿನಿಂದ ಊರಿಗೆ ಬದಲಾಗುತ್ತದೆ. ಕಡೂರು ಪೇಟೆಯ ಮನೆಯಲ್ಲಿ ರಾತ್ರಿ ಹತ್ತಕ್ಕೆ ಮಗು ವಾಂತಿ ಮಾಡಿದರೆ ಹತ್ತು ನಿಮಿಷದಲ್ಲಿ ಆಸ್ಪತ್ರೆ ಸಿಗುತ್ತದೆ. ಕೊನೆಯ ಬಸ್ಸು ಹೋದ ಮೇಲೆ ಹಳ್ಳಿಯ ತೋಟದ ಮನೆಯಲ್ಲಿ ಅದೇ ವಾಂತಿಯಾದರೆ ಮೊದಲು ವಾಹನ ಹುಡುಕಬೇಕು. ದೂರದಲ್ಲಿರುವವರು ಶಂಕೆಯಿದ್ದಲ್ಲಿ ಹಗಲಿರುವಾಗಲೇ ಆಸ್ಪತ್ರೆಯ ಹತ್ತಿರಕ್ಕೆ ಬಂದುಬಿಡುವುದು ಜಾಣತನ. ಮೊದಲ ನಾಲ್ಕರಿಂದ ಆರು ಗಂಟೆ ಹೆಚ್ಚು ಮುಖ್ಯ. ಎಚ್ಚರಿಕೆ 24ರಿಂದ 48 ಗಂಟೆ ಇರಬೇಕು.

ತಕ್ಷಣ ಹೊರಡಬೇಕಾದ ಸಂದರ್ಭಗಳು (108ಕ್ಕೆ ಕರೆ ಮಾಡಿ):

• ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದರೆ, ಎಬ್ಬಿಸಿದರೂ ಮಗು ಸರಿಯಾಗಿ ಏಳದಿದ್ದರೆ
• ಸೆಳವು (ಫಿಟ್ಸ್) ಬಂದರೆ
• ಮತ್ತೆ ಮತ್ತೆ ವಾಂತಿಯಾದರೆ
• ಎಷ್ಟು ಸಮಾಧಾನ ಮಾಡಿದರೂ ನಿಲ್ಲದ, ಕೀರಲು ದನಿಯ ಅಳು ಇದ್ದರೆ
• ಕಿವಿ, ಮೂಗಿನಿಂದ ರಕ್ತ ಅಥವಾ ತಿಳಿನೀರು ಬಂದರೆ. ಕಣ್ಣಿನ ಸುತ್ತ, ಕಿವಿಯ ಹಿಂದೆ ಕಪ್ಪಾದರೆ
• ಒಂದು ಕೈ ಅಥವಾ ಕಾಲನ್ನು ಆಡಿಸದಿದ್ದರೆ. ಎರಡು ಕಣ್ಣಿನ ಪಾಪೆಗಳ ಗಾತ್ರ ಬೇರೆಯಾದರೆ
• ನೆತ್ತಿ ಉಬ್ಬಿ ಬಿಗಿದಿದ್ದರೆ, ಬುರುಡೆ ತಗ್ಗಾಗಿದ್ದರೆ, ಮಗು ಬಿಳಿಚಿಕೊಂಡರೆ
• ವಾಹನದಿಂದ ಬಿದ್ದಿದ್ದರೆ ಅಥವಾ ತುಂಬ ಎತ್ತರದಿಂದ ಬಿದ್ದಿದ್ದರೆ

ಅದೇ ದಿನ, ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಸಂದರ್ಭಗಳು:

• ಮೂರು ತಿಂಗಳೊಳಗಿನ ಕೂಸು. ಪೆಟ್ಟು ಎಷ್ಟೇ ಸಣ್ಣದಿರಲಿ
• 0.9 ಮೀಟರಿಗಿಂತ ಎತ್ತರದಿಂದ, ಅಥವಾ ಎತ್ತಿಕೊಂಡವರ ಕೈಯಿಂದ ಬಿದ್ದದ್ದು
• ಹಣೆಯಲ್ಲದೆ ಬೇರೆಡೆ ಎದ್ದ ಬುಗುಟೆ, ಅದರಲ್ಲೂ ಮುಟ್ಟಿದರೆ ಮೆತ್ತಗಿರುವ ಬುಗುಟೆ
• ಹಾಲು ಕುಡಿಯದಿರುವುದು, ಮಂಕಾಗಿರುವುದು, "ಎಂದಿನಂತಿಲ್ಲ" ಎನಿಸುವುದು
• ಬಿದ್ದದ್ದನ್ನು ಯಾರೂ ನೋಡಿಲ್ಲದಿರುವುದು
• ರಕ್ತ ಹೆಪ್ಪುಗಟ್ಟುವುದರಲ್ಲಿ ತೊಂದರೆಯಿರುವ ಮಗು

ಇವಾವುವೂ ಇಲ್ಲದೆ, ಮಗು ಕೂಡಲೇ ಅತ್ತು, ಹತ್ತು ಹದಿನೈದು ನಿಮಿಷದಲ್ಲಿ ಸಮಾಧಾನಗೊಂಡು, ಹಾಲು ಕುಡಿದು ಆಟವಾಡತೊಡಗಿದರೆ ಮನೆಯಲ್ಲಿ ಗಮನಿಸಬಹುದು. ಆಗಲೂ ವರ್ಷದೊಳಗಿನ ಮಗುವಾದರೆ ವೈದ್ಯರನ್ನು ಒಮ್ಮೆ ಫೋನಿನಲ್ಲಾದರೂ ವಿಚಾರಿಸುವುದು ಒಳ್ಳೆಯದು. ಆಶಾ ಕಾರ್ಯಕರ್ತೆಯ ನೆರವನ್ನು ಪಡೆಯಬಹುದು. ಫೋನಿನಲ್ಲಿ ಬುರುಡೆಯನ್ನು ಮುಟ್ಟಿ ನೋಡಲಾಗದು ಎಂಬುದು ಮಾತ್ರ ನೆನಪಿರಲಿ.

ಮುಚ್ಚಿಡಬೇಡಿ

ಮಗು ಬಿದ್ದಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು "ನೀನೆಲ್ಲಿ ಹಾಳಾಗಿ ಹೋಗಿದ್ದೆ?" ಎಂಬುದು. ಅತ್ತೆ ಬಯ್ಯುತ್ತಾರೆಂದು ಸೊಸೆ, ಮಾಲೀಕರು ಬಯ್ಯುತ್ತಾರೆಂದು ಮಗುವನ್ನು ನೋಡಿಕೊಳ್ಳುವ ಹುಡುಗಿ, ಅಪ್ಪ ಹೊಡೆಯುತ್ತಾನೆಂದು ತಮ್ಮನನ್ನು ಎತ್ತಿಕೊಂಡಿದ್ದ ಅಕ್ಕ ವಿಷಯವನ್ನು ಮುಚ್ಚಿಡುತ್ತಾರೆ. ಇಲ್ಲವೆ ಎತ್ತರವನ್ನು ಕಡಿಮೆ ಮಾಡಿ ಹೇಳುತ್ತಾರೆ. ರಾತ್ರಿ ಮಗು ವಾಂತಿ ಮಾಡಿದಾಗ ಮನೆಯವರು ಅಜೀರ್ಣವೆಂದು ತಿಳಿಯುತ್ತಾರೆ. ವೈದ್ಯರೂ ಅದಕ್ಕೇ ಔಷಧಿ ಕೊಟ್ಟಾರು.

ಮೇಲಿನ ಆರು ಪ್ರಶ್ನೆಗಳಲ್ಲಿ ಮೂರಕ್ಕೆ ಉತ್ತರ ಬರಬೇಕಾದದ್ದು ನೋಡಿದವರ ಬಾಯಿಂದಲೇ. ಆ ಉತ್ತರ ತಪ್ಪಾದರೆ ಲೆಕ್ಕವೆಲ್ಲ ತಪ್ಪುತ್ತದೆ. ಬಯ್ಯುವ ಮನೆಯಲ್ಲಿ ಸರಿಯಾದ ಮಾಹಿತಿ ಹುಟ್ಟುವುದಿಲ್ಲ. ಎಷ್ಟು ಗಂಟೆಗೆ, ಎಲ್ಲಿಂದ, ಯಾವ ನೆಲಕ್ಕೆ ಬಿತ್ತು, ಕೂಡಲೇ ಅತ್ತಿತೆ, ಆಮೇಲೆ ಎಷ್ಟು ಸಲ ವಾಂತಿಯಾಯಿತು, ಕೊನೆಯ ಬಾರಿ ಹಾಲು ಕುಡಿದದ್ದು ಯಾವಾಗ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹೇಳಿದ ಕಥೆಗೂ ಗಾಯಕ್ಕೂ ತಾಳೆಯಾಗದಿದ್ದರೆ ವೈದ್ಯರು ಮತ್ತೆ ಮತ್ತೆ ಕೇಳುತ್ತಾರೆ. ಅದು ಮಗುವಿನ ಹಿತಕ್ಕಾಗಿ; ಸಿಟ್ಟಾಗಬಾರದು.

ಮನೆಯಲ್ಲಿ ಮಾಡಬೇಕಾದದ್ದು, ಮಾಡಬಾರದ್ದು

ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬುಗುಟೆಯ ಮೇಲೆ ಐದಾರು ನಿಮಿಷ ಮೆಲ್ಲಗೆ ಹಿಡಿಯಿರಿ. ಮಂಜುಗಡ್ಡೆಯನ್ನು ನೇರವಾಗಿ ಇಡಬೇಡಿ. ಎಣ್ಣೆ ಹಚ್ಚಿ ಬಲವಾಗಿ ಉಜ್ಜಿ ಬುಗುಟೆಯನ್ನು "ಕರಗಿಸಲು" ಹೋಗಬೇಡಿ. ಒಡೆದ ನಾಳಗಳಿಂದ ಇನ್ನಷ್ಟು ರಕ್ತ ಸೋರುತ್ತದೆ. ಗಾಯವಾಗಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬುರುಡೆ ತಗ್ಗಾದಂತಿದ್ದರೆ ಮಾತ್ರ ಒತ್ತಬಾರದು. ಗಾಯಕ್ಕೆ ಕಾಫಿಪುಡಿ, ಅರಿಸಿನ, ಸುಣ್ಣ ತುಂಬಬೇಡಿ. ವೈದ್ಯರನ್ನು ಕೇಳದೆ ನೋವಿನ ಔಷಧಿ ಕೊಡಬೇಡಿ. ಆಸ್ಪಿರಿನ್ ಅಂತೂ ಕೂಡದು. ಮಗು ಮಂಕಾಗಿದ್ದರೆ ಎಚ್ಚರಿಸಲೆಂದು ಎಂದಿಗೂ ಕುಲುಕಬೇಡಿ. ಕುಲುಕುವುದರಿಂದಲೇ ಮಿದುಳಿನ ಸಿರೆಗಳು ಹರಿಯಬಹುದು.

ನಿದ್ದೆಯ ವಿಷಯ? ನಿದ್ದೆಯಿಂದ ಮಿದುಳಿಗೆ ಹಾನಿಯಿಲ್ಲ. ನಿದ್ದೆಯಲ್ಲಿ ಮಂಕುತನ ನಮ್ಮ ಕಣ್ಣಿಗೆ ಬೀಳದೆ ಹೋಗಬಹುದು, ಅಷ್ಟೇ ತೊಂದರೆ. ಮಗುವಿನ ಎಂದಿನ ನಿದ್ದೆಯ ಹೊತ್ತಾಗಿದ್ದರೆ ಮಲಗಿಸಿ. ವೈದ್ಯರು ಹೇಳಿದಂತೆ, ಮೊದಲ ರಾತ್ರಿ ಎರಡು ಗಂಟೆಗೊಮ್ಮೆ ಉಸಿರು, ಮೈಬಣ್ಣ ನೋಡಿ, ಮೆಲ್ಲಗೆ ಮುಟ್ಟಿ ಎಬ್ಬಿಸಿ. ಎಂದಿನಂತೆ ಮಿಸುಕಿ, ಕೊಸರಿ ಮತ್ತೆ ಮಲಗಿದರೆ ಸರಿ.

ಬೀಳದಂತೆ ತಡೆಯುವುದು ಎಲ್ಲಕ್ಕಿಂತ ಮೇಲು. ಮಗುಚಿಕೊಳ್ಳುವ ಮಗುವಿಗೆ ಮಂಚಕ್ಕಿಂತ ನೆಲದ ಮೇಲಿನ ಹಾಸಿಗೆ ಕ್ಷೇಮ. ಜಗುಲಿಗೆ, ಮೆಟ್ಟಿಲಿಗೆ ತಡೆಹಲಗೆ ಇರಲಿ. ಚಕ್ರದ ವಾಕರ್‌ಗಳಿಂದ ಮಕ್ಕಳು ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾರೆಂದು ಕೆನಡಾ ದೇಶ 2004ರಲ್ಲಿ ಅವುಗಳ ಮಾರಾಟವನ್ನೇ ನಿಷೇಧಿಸಿತು. ನಮ್ಮ ಪೇಟೆಗಳಲ್ಲಿ ಅವು ಇನ್ನೂ ಸಿಗುತ್ತವೆ. ಕೊಳ್ಳದಿರುವುದು ನಮ್ಮ ಕೈಯಲ್ಲಿದೆ.

ತರಗತಿಯಲ್ಲಿ ಮಾಡಿ ನೋಡಿ

ಒಂದೇ ತೂಕದ ನಾಲ್ಕು ಮೆತ್ತನೆಯ ಜೇಡಿಮಣ್ಣಿನ ಉಂಡೆಗಳನ್ನು ಮಾಡಿ. ಎರಡನ್ನು ಅರ್ಧ ಮೀಟರಿನಿಂದಲೂ ಎರಡನ್ನು ಒಂದು ಮೀಟರಿನಿಂದಲೂ ಬಿಡಿ. ಪ್ರತಿ ಎತ್ತರದಲ್ಲಿ ಒಂದು ಸಿಮೆಂಟು ನೆಲಕ್ಕೆ, ಒಂದು ನಾಲ್ಕು ಮಡಿಕೆ ಮಾಡಿದ ಕಂಬಳಿಗೆ ಬೀಳಲಿ. ಉಂಡೆ ಚಪ್ಪಟೆಯಾದ ಭಾಗದ ವ್ಯಾಸವನ್ನು ಅಳೆದು ಪಟ್ಟಿ ಮಾಡಿ. ಎತ್ತರ ಇಮ್ಮಡಿಯಾದಾಗ ಎಷ್ಟು ಬದಲಾವಣೆ, ನೆಲ ಬದಲಾದಾಗ ಎಷ್ಟು ಬದಲಾವಣೆ ಎಂಬುದನ್ನು ವಿದ್ಯಾರ್ಥಿಗಳೇ ಚರ್ಚಿಸಲಿ. ಮನೆಯ ಮಂಚ, ಜಗುಲಿ, ಅಮ್ಮನ ಸೊಂಟದ ಎತ್ತರಗಳನ್ನು ಅಳೆದು ತರಲು ಹೇಳಿ. ಮನೆಯಲ್ಲಿ ಪುಟ್ಟ ತಮ್ಮ ತಂಗಿಯರನ್ನು ಎತ್ತಿಕೊಳ್ಳುವವರು ಈ ವಿದ್ಯಾರ್ಥಿಗಳೇ ತಾನೆ?

ಮತ್ತೆ ಆ ಹಳ್ಳಿಯ ಮನೆಗೆ

ಈಗ ನಮ್ಮ ಮಗುವಿನ ಲೆಕ್ಕ ಹಾಕೋಣ. ಮಂಚದ ಎತ್ತರ ಅರ್ಧ ಮೀಟರ್. ಬುಗುಟೆ ಹಣೆಯ ಮೇಲೆ. ಕೂಡಲೇ ಅತ್ತಿದೆ, ಹತ್ತು ನಿಮಿಷದಲ್ಲಿ ಸುಮ್ಮನಾಗಿದೆ, ಹಾಲು ಕುಡಿದಿದೆ, ಅಜ್ಜಿಯ ಬಳೆ ಎಳೆಯುತ್ತಿದೆ. ತಾಯಿ ಆಶಾ ಅಕ್ಕನಿಗೆ ಫೋನು ಮಾಡುತ್ತಾಳೆ. ಆಕೆ ಒಂದೊಂದೇ ಪ್ರಶ್ನೆ ಕೇಳಿ ಆಸ್ಪತ್ರೆಯ ವೈದ್ಯರೊಂದಿಗೆ ಮಾತನಾಡುತ್ತಾಳೆ. "ಈಗ ಶಿವಮೊಗ್ಗಕ್ಕೆ ಓಡಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೊಮ್ಮೆ ನೋಡಿ. ಬೆಳಿಗ್ಗೆ ಕರೆತನ್ನಿ, ಒಮ್ಮೆ ಮುಟ್ಟಿ ನೋಡುತ್ತೇನೆ. ವಾಂತಿಯಾದರೆ, ಮಂಕಾದರೆ ಬೆಳಗಿನವರೆಗೆ ಕಾಯಬೇಡಿ" ಎನ್ನುತ್ತಾರೆ ವೈದ್ಯರು. ಆಟೋ ಇರುವ ನೆರೆಯವರಿಗೆ ಅಜ್ಜ ಹೋಗಿ ಒಂದು ಮಾತು ಹೇಳಿ ಬರುತ್ತಾನೆ.

ಅದೇ ಮಗು ಮಂಚದ ಬದಲು ಸೋದರಮಾವನ ಹೆಗಲಿನಿಂದ ಜಾರಿದ್ದರೆ? ಅಥವಾ ಬುಗುಟೆ ಹಣೆಯ ಬದಲು ಕಿವಿಯ ಮೇಲೆ ಎದ್ದಿದ್ದರೆ? ಆಗ ಆ ಆಟೋ ಆಗಲೇ ಹೊರಡಬೇಕಿತ್ತು. ಮಗು ಎಷ್ಟೇ ನಗುತ್ತಿರಲಿ, ಬುಗುಟೆ ಎಷ್ಟೇ ಚಿಕ್ಕದಿರಲಿ, ಆ ರಾತ್ರಿ ಆಸ್ಪತ್ರೆಯಲ್ಲೇ ಕಳೆಯಬೇಕಿತ್ತು.